ಪೀನಟ್ ಬಟರ್ ಸೇರಿಸಿದ ಬಾಳೆಹಣ್ಣಿನ ಬ್ರೆಡ್‌ನ ತಳ ಹಲ್ವದಂತಾಗುತ್ತಿದೆ, ಕಾರಣವೇನಿರಬಹುದು?

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟದ ಮನೆಯಾದ್ದರಿಂದ ಬಾಳೆಗೊನೆಗೆ ಕೊರತೆಯಿಲ್ಲ. ಆದರೆ ಗೊನೆ ಹಣ್ಣಾಗಲು ತೊಡಗಿತೆಂದರೆ ನಾಲ್ಕೈದು ದಿನಗಳಲ್ಲಿ ಎಲ್ಲ ಚಿಪ್ಪುಗಳೂ ಒಟ್ಟಿಗೇ ಹಣ್ಣಾಗಿಬಿಡುತ್ತವೆ, ಮನೆಯಲ್ಲಿ ತಿನ್ನುವವರು ನಾಲ್ಕೇ ಜನ. ಹಲ್ವ, ರಸಾಯನ, ಮುಳುಕ ಎಲ್ಲವನ್ನೂ ಮಾಡಿ ಮುಗಿಸಿದ ಮೇಲೆ ಉಳಿದ ಹಣ್ಣಿನಲ್ಲಿ ಬಾಳೆಹಣ್ಣಿನ ಬ್ರೆಡ್ ಮಾಡೋಣವೆಂದು ಕಳೆದ ತಿಂಗಳಿನಿಂದ ಪ್ರಯತ್ನಿಸುತ್ತಿದ್ದೇನೆ. ಮಗಳಿಗೆ ಪೀನಟ್ ಬಟರ್ ಬಹಳ ಇಷ್ಟವಾದ್ದರಿಂದ ಅದನ್ನೂ ಸೇರಿಸುತ್ತಿದ್ದೇನೆ. ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಎರಡು ಮೊಟ್ಟೆಯ ಬದಲು ಮೊಸರು ಹಾಕುತ್ತೇನೆ.

ಮೂರು ಸಲ ಮಾಡಿದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಒಲೆಯೊಳಗಿರುವಾಗ ಚೆನ್ನಾಗಿ ಉಬ್ಬಿ ಬರುವ ಬ್ರೆಡ್ ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ನಡುವೆ ಕುಸಿಯುತ್ತದೆ. ಕತ್ತರಿಸಿ ನೋಡಿದರೆ ಮೇಲಿನ ಅರ್ಧ ಕೇಕಿನಂತಿದ್ದು, ತಳದಲ್ಲಿ ಒಂದು ಬೆರಳಿನಷ್ಟು ದಪ್ಪಕ್ಕೆ ಹಲ್ವದಂಥ ಅಂಟು ಪದರ ಇರುತ್ತದೆ. ಅಂಚಿಗೆ ಎಣ್ಣೆ ಜಿನುಗಿರುತ್ತದೆ. ಬಣ್ಣವೂ ಕಾಫಿಪುಡಿಯಷ್ಟು ಕಪ್ಪಾಗಿ, ತಿಂದಾಗ ಸಣ್ಣದೊಂದು ಸಾಬೂನಿನ ರುಚಿ ನಾಲಿಗೆಯ ಮೇಲೆ ಉಳಿಯುತ್ತದೆ.

ನಾನು ಬಳಸಿದ ಅಳತೆ ಹೀಗಿದೆ: ಒಂದೂವರೆ ಕಪ್ ಮೈದಾ, ದೊಡ್ಡ ಪಚ್ಚಬಾಳೆ ಹಣ್ಣು ನಾಲ್ಕು, ಮನೆಯಲ್ಲೇ ಮಿಕ್ಸಿಯಲ್ಲಿ ರುಬ್ಬಿದ ಪೀನಟ್ ಬಟರ್ ಒಂದು ಕಪ್, ಎಣ್ಣೆ ಅರ್ಧ ಕಪ್, ಮೊಸರು ಒಂದು ಕಪ್, ಜೋನಿ ಬೆಲ್ಲ ಮುಕ್ಕಾಲು ಕಪ್, ಅಡುಗೆ ಸೋಡಾ ಒಂದೂವರೆ ಟೀ ಚಮಚ, ಚಿಟಿಕೆ ಉಪ್ಪು. ಓಟಿಜಿಯಲ್ಲಿ 180 ಡಿಗ್ರಿಯಲ್ಲಿ 45 ನಿಮಿಷ ಬೇಯಿಸಿದ್ದೇನೆ. ಕಪ್ 240 ಎಂಎಲ್ ಹಿಡಿಯುವಂಥದ್ದು. ಎಲ್ಲಿ ತಪ್ಪುತ್ತಿದ್ದೇನೆಂದು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ (ಬೆಂಗಳೂರಿನಿಂದ)

ನಿಮ್ಮ ಅಳತೆಯನ್ನು ಕಪ್‌ಗಳಿಂದ ಗ್ರಾಂಗಳಿಗೆ ತಂದು ನೋಡಿದರೆ ಕಾರಣ ತಾನಾಗಿಯೇ ಕಾಣುತ್ತದೆ. ಒಂದೂವರೆ ಕಪ್ ಮೈದಾ ಎಂದರೆ ಸುಮಾರು 190 ಗ್ರಾಂ. ದೊಡ್ಡ ಪಚ್ಚಬಾಳೆ ನಾಲ್ಕರ ತಿರುಳು ಕಡಿಮೆಯೆಂದರೂ 450 ಗ್ರಾಂ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಒಂದು ಕಪ್ ಮೊಸರಿನಲ್ಲಿ ಇನ್ನೂ 200 ಗ್ರಾಂ ಮೀರಿ ನೀರಿದೆ. ಅಲ್ಲಿಗೆ 190 ಗ್ರಾಂ ಹಿಟ್ಟು 550 ಗ್ರಾಂನಷ್ಟು ನೀರನ್ನು ಹಿಡಿದುಕೊಳ್ಳಬೇಕಾಗಿದೆ, ಜೋನಿ ಬೆಲ್ಲದಲ್ಲಿರುವ ನೀರು ಬೇರೆ. ಸಾಮಾನ್ಯವಾಗಿ ಇಂಥ ಬ್ರೆಡ್‌ನಲ್ಲಿ ನೀರು ಹಿಟ್ಟಿನ ತೂಕಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚಿರುತ್ತದೆ, ನಿಮ್ಮದರಲ್ಲಿ ಸುಮಾರು ಮೂರು ಪಟ್ಟಾಗಿದೆ. ಭಾರವಾದ ಹಣ್ಣಿನ ತಿರುಳು ತಳಕ್ಕೆ ಇಳಿದು, ಅಲ್ಲಿನ ಪಿಷ್ಟ ಬೆಂದರೂ ಒಣಗದೆ ಹಲ್ವವಾಗುತ್ತಿದೆ. ಹಲ್ವವೆಂದು ನೀವು ಹೇಳಿದ್ದು ಹೋಲಿಕೆಯಲ್ಲ, ನಿಜವಾಗಿ ಆಗುತ್ತಿರುವುದೇ ಅದು.

ಕೊಬ್ಬಿನ ಲೆಕ್ಕವೂ ಹಾಗೆಯೇ. ಪೀನಟ್ ಬಟರ್ ಹಾಕುವವರು ಅದನ್ನು ರುಚಿಗೆ ಸೇರಿಸುವ ಪದಾರ್ಥವೆಂದು ಎಣಿಸಿ, ಮೂಲ ಪಾಕದಲ್ಲಿದ್ದ ಎಣ್ಣೆಯನ್ನು ಅಷ್ಟಕ್ಕಷ್ಟೇ ಉಳಿಸಿಕೊಳ್ಳುತ್ತಾರೆ. ಅದರ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ನಿಮ್ಮ ಒಂದು ಕಪ್‌ನಲ್ಲಿ 125 ಗ್ರಾಂ, ಅದರ ಮೇಲೆ ಅರ್ಧ ಕಪ್ ಎಣ್ಣೆಯ 110 ಗ್ರಾಂ ಸೇರಿ ಕೊಬ್ಬು ಹಿಟ್ಟನ್ನೇ ಮೀರಿಸಿದೆ. ಅಂಚಿನಲ್ಲಿ ಜಿನುಗದೆ ಅದು ಇನ್ನೆಲ್ಲಿಗೆ ಹೋಗಬೇಕು?

ಮೊಟ್ಟೆ ಬಿಟ್ಟದ್ದು ತಪ್ಪಲ್ಲ, ಆದರೆ ಅದರ ಜಾಗಕ್ಕೆ ಒಂದು ಕಪ್ ಮೊಸರು ತಂದದ್ದು ಕೆಡಿಸಿದೆ. ಸಿಪ್ಪೆ ತೆಗೆದ ಮೊಟ್ಟೆ ಒಂದಕ್ಕೆ 50 ಗ್ರಾಂ ತೂಗುತ್ತದೆ ಮತ್ತು ಬೇಯುವಾಗ ಅದರ ಪ್ರೋಟೀನ್ ಗಟ್ಟಿಯಾಗಿ ಬ್ರೆಡ್‌ಗೆ ಗೋಡೆಯಂತೆ ನಿಲ್ಲುತ್ತದೆ. ಮೊಸರು ಮೆತ್ತಗಿರಿಸುತ್ತದೆಯೇ ಹೊರತು ಅಂಥ ಗೋಡೆ ಕಟ್ಟುವುದಿಲ್ಲ. ಆದ್ದರಿಂದ ಮೊಟ್ಟೆಯಿಲ್ಲದ ಬ್ರೆಡ್‌ನಲ್ಲಿ ದ್ರವವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಸೋಡಾ ಕೂಡ ಈ ಹಿಟ್ಟಿಗೆ ಅರ್ಧ ಟೀ ಚಮಚ ಸಾಕು. ಮೊಸರಿನ ಮತ್ತು ಹಣ್ಣಿನ ಹುಳಿಯೊಂದಿಗೆ ಕೂಡಿ ಮುಗಿದ ಮೇಲೂ ಉಳಿಯುವ ಸೋಡಾವೇ ಆ ಸಾಬೂನಿನ ರುಚಿಗೂ ಕಪ್ಪು ಬಣ್ಣಕ್ಕೂ ಕಾರಣ. ಪೀನಟ್ ಬಟರ್‌ನಲ್ಲಿ ಹೇಳಿಕೊಳ್ಳುವಂಥ ಹುಳಿಯಿಲ್ಲದ್ದರಿಂದ ಅದು ಸೋಡಾಕ್ಕೆ ನೆರವಾಗುವುದಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆಯಿಲ್ಲದೆ ಮಾಡುವ ಅಳತೆಯನ್ನು ಕೊಡುತ್ತೇನೆ. ಮೈದಾ 200 ಗ್ರಾಂ, ಕಿವುಚಿದ ಹಣ್ಣು 250 ಗ್ರಾಂ, ಪೀನಟ್ ಬಟರ್ 120 ಗ್ರಾಂ, ಪುಡಿ ಬೆಲ್ಲ ಅಥವಾ ಸಕ್ಕರೆ 110 ಗ್ರಾಂ, ಗಟ್ಟಿ ಮೊಸರು 80 ಗ್ರಾಂ, ಎಣ್ಣೆ ಎರಡು ಟೇಬಲ್ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಉಪ್ಪನ್ನು ಚಿಟಿಕೆಗೆ ಇಳಿಸಬೇಡಿ, ಶೇಂಗಾದ ರುಚಿ ಮೇಲೇಳುವುದೇ ಉಪ್ಪಿನಿಂದ. ಜೋನಿ ಬೆಲ್ಲವನ್ನೇ ಹಾಕುವುದಾದರೆ ಮೊಸರಿನಲ್ಲಿ ಎರಡು ಟೇಬಲ್ ಚಮಚ ಕಡಿಮೆ ಮಾಡಿ. 8 ಇಂಚು ಉದ್ದ, 4 ಇಂಚು ಅಗಲದ ಟಿನ್ನಿನಲ್ಲಿ ಮೂರರಲ್ಲಿ ಎರಡು ಭಾಗ ತುಂಬಿ, 170 ಡಿಗ್ರಿಯಲ್ಲಿ 50ರಿಂದ 60 ನಿಮಿಷ ಬೇಯಿಸಬೇಕು.

ಇನ್ನೊಂದು ಮಾತು. ಪಚ್ಚಬಾಳೆಯ ಸಿಪ್ಪೆಯನ್ನು ನಂಬಬೇಡಿ. ನಮ್ಮ ಸೆಖೆಯಲ್ಲಿ ಅದು ಹಸಿರಾಗಿಯೇ ಹಣ್ಣಾಗುತ್ತದೆ, ಹಳದಿಯಾಗಲೆಂದು ಕಾಯುವಷ್ಟರಲ್ಲಿ ಒಳಗೆ ನೀರಾಗಿರುತ್ತದೆ. ಒತ್ತಿ, ಮೂಸಿ ನೋಡಿ ತೀರ್ಮಾನಿಸುವುದೇ ಸರಿ. ಹಣ್ಣನ್ನು ಎಣಿಸಿ ಹಾಕುವುದನ್ನು ಬಿಟ್ಟು ತೂಗಿ ಹಾಕಿದರೆ ಪಚ್ಚಬಾಳೆಯಾದರೇನು, ಪುಟ್ಟಬಾಳೆಯಾದರೇನು, ತೊಂದರೆಯಾಗುವುದಿಲ್ಲ. ಪುಟ್ಟಬಾಳೆಯಾದರೆ ಇಷ್ಟಕ್ಕೆ ಐದಾರು ಬೇಕಾದೀತು, ಪರಿಮಳವೂ ಅದರಲ್ಲೇ ಹೆಚ್ಚು.

ಉತ್ತರ (ಗದಗದಿಂದ)

ಮೇಲಿನವರು ಲೆಕ್ಕವನ್ನು ಸರಿಯಾಗಿಯೇ ಬಿಡಿಸಿಟ್ಟಿದ್ದಾರೆ. ನನ್ನ ಮಾತು ಶೇಂಗಾದ ಬಗ್ಗೆ ಮಾತ್ರ, ಏಕೆಂದರೆ ಮನೆಯಲ್ಲಿ ರುಬ್ಬಿದ್ದಕ್ಕೂ ಅಂಗಡಿಯ ಡಬ್ಬಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಲ್ಲ.

ಅಂಗಡಿಯಲ್ಲಿ ದೊರೆಯುವ ಕೆನೆಯಂಥ ಪೀನಟ್ ಬಟರ್‌ಗೆ ಸಾಮಾನ್ಯವಾಗಿ ಸಕ್ಕರೆ, ಉಪ್ಪು ಮತ್ತು ಗಟ್ಟಿಗೊಳಿಸಿದ ಸಸ್ಯಜನ್ಯ ಎಣ್ಣೆಯನ್ನು ಸ್ವಲ್ಪ ಸೇರಿಸಿರುತ್ತಾರೆ. ಈ ಕೊನೆಯದರಿಂದಾಗಿ ಎಣ್ಣೆ ಮೇಲಕ್ಕೆ ಬೇರ್ಪಡುವುದಿಲ್ಲ. ಮನೆಯದರಲ್ಲಿ ಅದಿಲ್ಲವಾದ್ದರಿಂದ ಎರಡು ದಿನ ಇಟ್ಟರೆ ಬಾಟಲಿಯ ಮೇಲ್ಭಾಗದಲ್ಲಿ ಎಣ್ಣೆ ನಿಂತು, ತಳದಲ್ಲಿ ಗಟ್ಟಿ ಹಿಂಡಿ ಕೂಡುತ್ತದೆ. ನೀವು ತಳದಿಂದ ಕಲಸದೆ ಮೇಲಿಂದಲೇ ಬಗ್ಗಿಸಿಕೊಂಡಿದ್ದರೆ ನಿಮ್ಮ ಕಪ್‌ನಲ್ಲಿ ಬಂದದ್ದು ಅರ್ಧಕ್ಕಿಂತ ಹೆಚ್ಚು ಎಣ್ಣೆ. ಮೂರು ಸಲ ಮಾಡಿದಾಗಲೂ ಒಂದೇ ಬಾಟಲಿಯಿಂದ ತೆಗೆದಿದ್ದರೆ ಮೊದಲ ಬ್ರೆಡ್ ಜಿಡ್ಡಾಗಿ, ಕೊನೆಯದು ತುಸು ಒಣಗಿದಂತಿರಬೇಕಿತ್ತು, ನೆನಪಿಸಿಕೊಂಡು ನೋಡಿ.

ರುಬ್ಬುವ ಕ್ರಮವನ್ನೂ ಹೇಳಿಬಿಡುತ್ತೇನೆ. ಸಣ್ಣ ಉರಿಯಲ್ಲಿ ದಪ್ಪ ತಳದ ಬಾಣಲೆಯಲ್ಲಿ ಶೇಂಗಾ ಕಾಳನ್ನು ಹನ್ನೆರಡು ಹದಿನೈದು ನಿಮಿಷ ಕೈಬಿಡದೆ ಹುರಿಯಬೇಕು. ಉರಿ ಜೋರಾದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ, ಆ ಹಸಿ ವಾಸನೆ ಬ್ರೆಡ್‌ನಲ್ಲಿ ಬೆಂದರೂ ಹೋಗುವುದಿಲ್ಲ. ಪೂರ್ತಿ ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆಯನ್ನು ಹಾರಿಸಿಬಿಡಿ, ಒಗರು ಇರುವುದು ಅದರಲ್ಲೇ. ಮಿಕ್ಸಿಯಲ್ಲಿ ಮೊದಲು ಪುಡಿಯಾಗುತ್ತದೆ, ಆಮೇಲೆ ನಮ್ಮಲ್ಲಿ ಶೇಂಗಾ ಹಿಂಡಿ ಕುಟ್ಟುವಾಗ ಆಗುವಂತೆ ಮುದ್ದೆಗಟ್ಟುತ್ತದೆ. ಹೆಚ್ಚಿನವರು ಆ ಹಂತದಲ್ಲಿ ಹೆದರಿ ಎಣ್ಣೆ ಸುರಿಯುತ್ತಾರೆ. ಅದರ ಅಗತ್ಯವಿಲ್ಲ. ಮಿಕ್ಸಿಯನ್ನು ನಡುನಡುವೆ ನಿಲ್ಲಿಸಿ, ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳಿ, ಮತ್ತೆ ತಿರುಗಿಸುತ್ತ ಹೋದರೆ ಕಾಳಿನ ಎಣ್ಣೆಯೇ ಬಿಟ್ಟು ತಾನಾಗಿ ಹರಿಯುವ ಹದಕ್ಕೆ ಬರುತ್ತದೆ. ನೀವು ರುಬ್ಬುವಾಗ ಎಣ್ಣೆ ಸೇರಿಸಿದ್ದರೆ ಅದನ್ನೂ ಮೇಲಿನವರ ಲೆಕ್ಕಕ್ಕೆ ಕೂಡಿಸಿಕೊಳ್ಳಿ.

ಮುಗ್ಗು ಹಿಡಿದ, ಸುಕ್ಕಿದ, ಕಹಿಯಾದ ಕಾಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಸೇರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ನಿಮ್ಮ ಕಡೆಯ ಮಳೆಗಾಲದಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ಉತ್ತರ (ಮಂಗಳೂರಿನಿಂದ)

ಕಲಸುವ ವಿಧಾನದ ಬಗ್ಗೆ ನೀವು ಏನೂ ಬರೆದಿಲ್ಲ. ನಮ್ಮಲ್ಲಿ ಮಾಗಿದ ಬಾಳೆಹಣ್ಣು ಉಳಿದರೆ ಬನ್ಸ್ ಮಾಡುವುದು ರೂಢಿ. ಅದರಲ್ಲೂ ಇವೇ ಪದಾರ್ಥಗಳು, ಅಂದರೆ ಮೈದಾ, ಬಾಳೆಹಣ್ಣು, ಮೊಸರು, ಸೋಡಾ. ಬನ್ಸ್ ಹಿಟ್ಟನ್ನು ಚೆನ್ನಾಗಿ ನಾದಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ಲಟ್ಟಿಸಿ ಕರಿಯುತ್ತೇವೆ, ನಾದಿದಷ್ಟೂ ಅದು ಉಬ್ಬುತ್ತದೆ. ಆ ಕೈಯಭ್ಯಾಸವನ್ನೇ ನಾನು ಮೊದಲ ಸಲ ಈ ಬ್ರೆಡ್‌ಗೂ ತಂದು, ಹಿಟ್ಟನ್ನು ಹತ್ತು ನಿಮಿಷ ತಿರುವಿ, ಅರ್ಧ ಗಂಟೆ ಇಟ್ಟು, ಆಮೇಲೆ ಬೇಯಿಸಿದ್ದೆ. ಬಂದದ್ದು ರಬ್ಬರಿನಂಥ ಇಟ್ಟಿಗೆ. ಇಲ್ಲಿ ಮೈದಾ ಸೇರಿದ ಮೇಲೆ ಒಣ ಹಿಟ್ಟು ಕಾಣದಾಗುವವರೆಗೆ ಮಾತ್ರ ಮಡಚಿದಂತೆ ಕಲಸಿ, ತಕ್ಷಣ ಒಲೆಗಿಡಬೇಕು. ಮೊಸರು ತಾಗಿದ ಕೂಡಲೇ ಸೋಡಾ ಗುಳ್ಳೆ ಬಿಡಲು ಆರಂಭಿಸುತ್ತದೆ, ಕಾದಷ್ಟೂ ಆ ಗಾಳಿ ನಷ್ಟ.

ಪೀನಟ್ ಬಟರ್ ಇರುವಾಗ ಹೆಚ್ಚು ಕಲಸುವ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅದು ಗಂಟುಗಂಟಾಗಿ ಉಳಿಯುತ್ತದೆ ಮತ್ತು ಆ ಗಂಟು ಒಡೆಯಲೆಂದೇ ನಾವು ಮೈದಾವನ್ನೂ ಸೇರಿಸಿ ತಿರುವುತ್ತ ಹೋಗುತ್ತೇವೆ. ಶೇಂಗಾ ಮುದ್ದೆಗೆ ಸ್ವಲ್ಪವೇ ನೀರಿನಂಶ ತಾಗಿದರೆ ಅದು ತೆಳುವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ. ಅದಕ್ಕಾಗಿ ಮೊದಲು ಪೀನಟ್ ಬಟರ್, ಎಣ್ಣೆ, ಬೆಲ್ಲ ಮೂರನ್ನೇ ನುಣ್ಣಗೆ ಕಲಸಿ, ಬಳಿಕ ಹಣ್ಣನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಆಮೇಲೆ ಮೊಸರು, ಕೊನೆಗೆ ಸೋಡಾದೊಂದಿಗೆ ಜರಡಿ ಹಿಡಿದ ಮೈದಾ ಹಾಕಿ. ಹಣ್ಣನ್ನು ಮಿಕ್ಸಿಗೆ ಹಾಕದೆ ಮುಳ್ಳುಚಮಚದಲ್ಲಿ ಕಿವುಚಿದರೆ ಅಲ್ಲಲ್ಲಿ ಹಣ್ಣಿನ ತುಣುಕು ಸಿಗುತ್ತದೆ, ತಿನ್ನಲು ಅದೇ ಚೆಂದ.

ಉತ್ತರ (ನ್ಯೂಜೆರ್ಸಿಯಿಂದ)

ಇಲ್ಲಿ ನೆಲೆಸಿ ಹಲವು ವರ್ಷಗಳಾದವು, ಈ ಬ್ರೆಡ್ ನಮ್ಮ ಮನೆಯ ವಾರದ ತಿಂಡಿಗಳಲ್ಲೊಂದಾಗಿದೆ. ಹೆಸರು ಬ್ರೆಡ್ ಎಂದಿದ್ದರೂ ಇದರಲ್ಲಿ ಯೀಸ್ಟ್ ಇಲ್ಲ. ಅಮೆರಿಕದಲ್ಲಿ ಬೇಕಿಂಗ್ ಪೌಡರ್ ಮತ್ತು ಸೋಡಾ ಮನೆಮನೆಗೆ ತಲುಪಿದ ಮೇಲೆ, 1930ರ ದಶಕದ ಅಡುಗೆ ಪುಸ್ತಕಗಳಲ್ಲಿ ಇದು ಜನಪ್ರಿಯವಾಯಿತು. ಅದು ಆರ್ಥಿಕ ಮುಗ್ಗಟ್ಟಿನ ಕಾಲವಾದ್ದರಿಂದ ಕಪ್ಪಾದ ಹಣ್ಣನ್ನೂ ಎಸೆಯದೆ ಬಳಸುವುದು ಎಲ್ಲರಿಗೂ ಬೇಕಾಗಿತ್ತು. ಗೊನೆ ಮುಗಿಸುವ ನಿಮ್ಮ ಚಿಂತೆ ಅವರದೂ ಆಗಿತ್ತೆನ್ನಬಹುದು.

ಇಲ್ಲಿನ ಪಾಕಗಳನ್ನು ನೋಡಿ ಮಾಡುವವರು ಒಂದನ್ನು ಗಮನಿಸಬೇಕು. ಅವುಗಳಲ್ಲಿ ಪೀನಟ್ ಬಟರ್ ಎಂದು ಬರೆದಿದ್ದರೆ, ಬೇರೆ ಹೇಳದ ಹೊರತು, ಗದಗದವರು ವಿವರಿಸಿದ ಗಟ್ಟಿ ಡಬ್ಬಿಯದೇ ಎಂದು ತಿಳಿಯಬೇಕು. ಮನೆಯದನ್ನು ಹಾಕುವಾಗ ನಾನು ಪಾಕದಲ್ಲಿರುವ ಎಣ್ಣೆಯಲ್ಲಿ ಒಂದು ಟೇಬಲ್ ಚಮಚ ತೆಗೆದು, ಸಿಹಿಯನ್ನು ಒಂದು ಟೇಬಲ್ ಚಮಚ ಏರಿಸುತ್ತೇನೆ. ಹೊರಗಿನವರಿಗೆ ಹಂಚುವ ಮೊದಲು ಶೇಂಗಾ ಇದೆಯೆಂದು ಹೇಳುವುದನ್ನು ಮರೆಯಬೇಡಿ. ಇಲ್ಲಿ ಅನೇಕ ಶಾಲೆಗಳಲ್ಲಿ ಶೇಂಗಾ ಇರುವ ತಿಂಡಿಯನ್ನು ಬುತ್ತಿಗೆ ಕಟ್ಟುವಂತಿಲ್ಲ, ಏಕೆಂದರೆ ಅಲರ್ಜಿ ಇರುವ ಮಗುವಿಗೆ ಒಂದು ಚೂರೂ ಪ್ರಾಣಾಪಾಯ ತರಬಲ್ಲದು.

ಪ್ರಶ್ನೆ ಕೇಳಿದವರು (ಶಿರಸಿಯಿಂದ)

ಎಲ್ಲರಿಗೂ ಧನ್ಯವಾದಗಳು. ಗದಗದವರು ಹೇಳಿದ ಬಾಟಲಿಯ ವಿಷಯ ಅಕ್ಷರಶಃ ನಿಜ. ಮೊದಲ ಸಲ ಅಂಚಿನಲ್ಲಿ ಎಣ್ಣೆ ಕೈಗೆ ಹತ್ತುವಷ್ಟಿತ್ತು, ಮೂರನೆಯದರಲ್ಲಿ ಜಿನುಗಿದ್ದು ತೀರ ಕಡಿಮೆ. ಅದನ್ನು ನಾನು ನನ್ನ ಕೈ ಪಳಗಿದ ಲಕ್ಷಣವೆಂದು ತಿಳಿದಿದ್ದೆ!

ತಕ್ಕಡಿ ತರಿಸಿ ಇಂದು ಮಾಡುವವಳಿದ್ದೇನೆ, ಅದಕ್ಕೂ ಮೊದಲು ಎರಡು ಸಂದೇಹಗಳಿವೆ. ಕಡ್ಡಿ ಚುಚ್ಚಿದಾಗ ಸ್ವಚ್ಛವಾಗಿ ಬಂದರೂ ಒಳಗೆ ಬೆಂದಿರಲಿಲ್ಲವೇಕೆ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಬೇಯುವಾಗ ನಡುವೆ ಹೋದರೆ ಏನು ಮಾಡಬೇಕು?

ಉತ್ತರ (ಬೆಂಗಳೂರಿನಿಂದ)

ಕಡ್ಡಿಯನ್ನು ಅಂಚಿನ ಕಡೆ ಚುಚ್ಚಿರಬೇಕು, ಅಥವಾ ತಳದವರೆಗೆ ಇಳಿಸಿರಲಿಕ್ಕಿಲ್ಲ. ನಟ್ಟನಡುವೆ, ಟಿನ್ನಿನ ತಳ ತಾಗುವಂತೆ ಇಳಿಸಿ ನೋಡಿ. ಹಣ್ಣಿನ ತುಣುಕಿಗೆ ಚುಚ್ಚಿಕೊಂಡರೆ ಬೆಂದಿದ್ದರೂ ಅಂಟುತ್ತದೆ, ಆದ್ದರಿಂದ ಎರಡು ಮೂರು ಕಡೆ ಪರೀಕ್ಷಿಸುವುದು ಒಳ್ಳೆಯದು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 95 ಡಿಗ್ರಿ ಮುಟ್ಟಿದಾಗ ತೆಗೆಯಿರಿ, ಅದಕ್ಕಿಂತ ಖಚಿತವಾದ ಗುರುತು ಇನ್ನೊಂದಿಲ್ಲ. ಓಟಿಜಿಯ ಗುಂಡಿ 180 ಎಂದು ತೋರಿಸಿದರೂ ಒಳಗೆ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಿರುವುದು ಸಾಮಾನ್ಯ. ಹದಿನೈದು ನಿಮಿಷ ಮೊದಲೇ ಕಾಯಿಸಿ, ಕೆಳಗಿನ ಮತ್ತು ಮೇಲಿನ ಎರಡೂ ರಾಡ್‌ಗಳನ್ನು ಇಟ್ಟುಕೊಂಡು, ಟಿನ್ನನ್ನು ನಡುವಿನ ತಂತಿಗಿಂತ ಒಂದು ಮೆಟ್ಟಿಲು ಕೆಳಗೆ ಇಡಿ. ಮೇಲ್ಭಾಗ ಬೇಗ ಕೆಂಪಾದರೆ 35 ನಿಮಿಷದ ನಂತರ ಫಾಯಿಲ್ ಹೊದಿಸಬಹುದು.

ಕರೆಂಟು ಹೋದರೆ ಬಾಗಿಲನ್ನು ಮಾತ್ರ ತೆರೆಯಬೇಡಿ. ಮೊದಲ ಅರ್ಧ ಗಂಟೆಯೊಳಗೆ ಹೋಗಿ ಬಹಳ ಹೊತ್ತು ಬಾರದಿದ್ದರೆ ಉಳಿಸುವುದು ಕಷ್ಟ, ಅದರ ನಂತರವಾದರೆ ಕಾವಿನಲ್ಲೇ ಬಹುಮಟ್ಟಿಗೆ ನಿಲ್ಲುತ್ತದೆ. ಕರೆಂಟಿನ ಮೇಲೆ ಭರವಸೆಯೇ ಇಲ್ಲದ ದಿನ ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಅಂಗುಲ ಕಲ್ಲುಪ್ಪು ಹರಡಿ, ಅದರ ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಟಿನ್ನನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿಡಬೇಕು. ಮೇಲ್ಭಾಗ ಕೆಂಪಗಾಗುವುದಿಲ್ಲ, ಒಳಗೆ ಮಾತ್ರ ಚೆನ್ನಾಗಿ ಬೇಯುತ್ತದೆ.

ಪ್ರಶ್ನೆ ಕೇಳಿದವರು (ಶಿರಸಿಯಿಂದ)

ನಿನ್ನೆ ಮಾಡಿದೆ. ಹಣ್ಣನ್ನು ತೂಗಿದಾಗ ಎರಡು ಪಚ್ಚಬಾಳೆಗೇ 250 ಗ್ರಾಂ ತುಂಬಿದ್ದನ್ನು ಕಂಡು ಹಿಂದಿನ ಮೂರೂ ಬ್ರೆಡ್‌ಗಳ ಬಗ್ಗೆ ಕನಿಕರವೆನಿಸಿತು. 55 ನಿಮಿಷಕ್ಕೆ ಬೆಂದಿತು, ನಡುವೆ ಉದ್ದಕ್ಕೆ ಬಿರುಕು ಬಿಟ್ಟು ಹಾಗೆಯೇ ನಿಂತಿತು. ಮಗಳು ಬಿಸಿಯಿರುವಾಗಲೇ ಕತ್ತರಿಸೋಣವೆಂದು ಹಟ ಹಿಡಿದದ್ದರಿಂದ ಮೊದಲ ತುಂಡು ಸ್ವಲ್ಪ ಅಂಟಂಟಾಗಿತ್ತು. ಎರಡು ಗಂಟೆ ಆರಿದ ಮೇಲೆ ಕತ್ತರಿಸಿದ ತುಂಡುಗಳಲ್ಲಿ ಅಂಟು ಎಲ್ಲಿಯೂ ಇರಲಿಲ್ಲ. ಸಾಬೂನಿನ ರುಚಿಯಿಲ್ಲ, ಬಣ್ಣ ಹುರಿದ ಶೇಂಗಾದಂತೆ ತಿಳಿಗೆಂಪು. ಅತ್ತೆಯವರು ಎರಡನೆಯ ತುಂಡನ್ನು ತಾವಾಗಿಯೇ ಕೇಳಿ ತೆಗೆದುಕೊಂಡರು.

ಮೈದಾದ ಬದಲು ಗೋಧಿ ಹಿಟ್ಟು ಹಾಕಬಹುದೇ ಎಂದು ಅವರೇ ಕೇಳುತ್ತಿದ್ದಾರೆ. ಈ ಮಳೆಯಲ್ಲಿ ಎಷ್ಟು ದಿನ ಇಡಬಹುದೆಂಬುದನ್ನೂ ತಿಳಿಸಿ.

ಉತ್ತರ (ಮಂಗಳೂರಿನಿಂದ)

ಮೊದಲ ಸಲ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕಿ ನೋಡಿ. ಗಿರಣಿಯಲ್ಲಿ ಬೀಸಿದ ಚಪಾತಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ, ಹಾಗಾಗಿ ಎರಡು ಟೇಬಲ್ ಚಮಚ ಹಾಲು ಹೆಚ್ಚಿಗೆ ಬೇಕಾಗುತ್ತದೆ. ಪೂರ್ತಿ ಗೋಧಿಯದು ನಮ್ಮ ಮನೆಯಲ್ಲಿ ಸ್ವಲ್ಪ ತೂಕವಾಗಿಯೇ ಬರುತ್ತದೆ, ಆದರೆ ಶೇಂಗಾದ ಜೊತೆ ಅದರ ರುಚಿ ಮೈದಾಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಡುವ ವಿಷಯದಲ್ಲಿ ಕರಾವಳಿಯ ಮಳೆಗೂ ನಿಮ್ಮ ಮಳೆಗೂ ಹೆಚ್ಚು ಅಂತರವಿಲ್ಲ. ಹೊರಗೆ ಎರಡು ದಿನ ದಾಟಿಸಬೇಡಿ, ತಳದಲ್ಲಿ ಮೊದಲು ಬೂಷ್ಟು ಬರುತ್ತದೆ. ಪೂರ್ತಿ ಆರಿದ ಮೇಲೆ ತುಂಡು ಮಾಡಿ, ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರಿನಲ್ಲಿಟ್ಟರೆ ತಿಂಗಳವರೆಗೆ ಕೆಡದು. ಬೇಕಾದಾಗ ಒಂದೊಂದೇ ತುಂಡನ್ನು ತೆಗೆದು ಕಾವಲಿಯ ಮೇಲೆ ತುಪ್ಪ ಸವರಿ ಎರಡೂ ಬದಿ ಬಿಸಿ ಮಾಡಿ. ಹಣ್ಣನ್ನೂ ಹೀಗೆಯೇ 250 ಗ್ರಾಂನ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಬಹುದು. ಕರಗಿದಾಗ ಅದು ಬಿಡುವ ನೀರನ್ನು ಬಸಿದು, ಹಣ್ಣನ್ನು ಮತ್ತೊಮ್ಮೆ ತೂಗಿ ಹಾಕಿ.